ಪಿಟ್ ವಾದ್ಯವೃಂದದಲ್ಲಿ ಗಿಟಾರ್

ಪಿಟ್ ಗಿಟಾರ್ ವಾದನ ಎಂದರೆ ಮ್ಯೂಸಿಕಲ್ ಎಂದು ಕರೆಯಲಾಗುವ ಪಾಶ್ಚಾತ್ಯ ಗೀತನಾಟಕಗಳ ಪ್ರದರ್ಶನದಲ್ಲಿ, ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ವಾದ್ಯವೃಂದದೊಡನೆ ಗಿಟಾರ್ ನುಡಿಸುವುದು. ಈ ತಗ್ಗಿಗೆ ಆರ್ಕೆಸ್ಟ್ರಾ ಪಿಟ್ ಅಥವಾ ಸಂಕ್ಷಿಪ್ತವಾಗಿ ಪಿಟ್ ಎಂದು ಹೆಸರು. ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್ ಇಂತಹ ನಾಟಕಗಳ ಪ್ರಮುಖ ಕೇಂದ್ರಗಳಾಗಿವೆ. ರಾಕ್ ತಂಡದ ಗಿಟಾರ್ ವಾದಕರು ತಮಗೆ ಪ್ರಿಯವಾದ ನಾದವನ್ನು ಅನುಸರಿಸಿ ಗಿಟಾರ್ ಹಾಗೂ ಆಂಪ್ಲಿಫೈಯರ್‌ಗಳನ್ನು ಆರಿಸಿಕೊಳ್ಳುತ್ತಾರೆ. ಪಿಟ್‌ನಲ್ಲಿ ಆಯ್ಕೆಯನ್ನು ನಿರ್ಧರಿಸುವ ಅಂಶಗಳೇ ಬೇರೆ: ನಟರ ಮಾತು ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕೇಳಿಸಬೇಕು, ಸ್ಥಳ ಇಕ್ಕಟ್ಟಾಗಿರುತ್ತದೆ, ನುಡಿಸಬೇಕಾದುದೆಲ್ಲವೂ ಸ್ವರಲಿಪಿಯಲ್ಲಿ ಮೊದಲೇ ಬರೆದಿರುತ್ತದೆ.

ಹಿನ್ನೆಲೆ

ಬ್ರಾಡ್‌ವೇಯ ಆರಂಭಕಾಲದ ವಾದ್ಯವೃಂದಗಳಲ್ಲಿ ಗಿಟಾರಿಗಿಂತ ಬ್ಯಾಂಜೊ ಹೆಚ್ಚು ಪರಿಚಿತವಾಗಿತ್ತು. 1927ರ 'ಶೋ ಬೋಟ್' ನಾಟಕದ ವಾದ್ಯವೃಂದದಲ್ಲಿ ಬ್ಯಾಂಜೊ ಇದೆ. 1968ರಲ್ಲಿ ಬ್ರಾಡ್‌ವೇಗೆ ಬಂದ 'ಹೇರ್' ಮತ್ತು 1971ರ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ನಾಟಕಗಳು ಎಲೆಕ್ಟ್ರಿಕ್ ಗಿಟಾರಿಗೆ ರಂಗಭೂಮಿಯಲ್ಲಿ ಶಾಶ್ವತ ಸ್ಥಾನವನ್ನು ಒದಗಿಸಿದವು. 1996ರ 'ರೆಂಟ್' ನಾಟಕದಲ್ಲಿ ಐವರು ವಾದಕರ ತಂಡವು ಪಿಟ್ ಬಿಟ್ಟು ರಂಗದ ಮೇಲೆಯೇ ಕುಳಿತಿತ್ತು. 2015ರ 'ಹ್ಯಾಮಿಲ್ಟನ್' ನಾಟಕದ ಹತ್ತು ಜನರ ವಾದ್ಯವೃಂದದಲ್ಲಿ ಗಿಟಾರಿಗೆ ಒಬ್ಬರೇ ವಾದಕರು.

ಗಿಟಾರಿನ ಆಯ್ಕೆ

ಗಿಟಾರ್ ಭಾಗದ ಸ್ವರಲಿಪಿಯು ಸಾಮಾನ್ಯವಾಗಿ ಒಂದೇ ವಾದ್ಯಕ್ಕೆ ಸೀಮಿತವಾಗಿರುವುದಿಲ್ಲ. ಒಬ್ಬರೇ ವಾದಕರು ಎಲೆಕ್ಟ್ರಿಕ್ ಗಿಟಾರ್, ಉಕ್ಕಿನ ತಂತಿಯ ಅಕೌಸ್ಟಿಕ್, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್, ಅವುಗಳೊಡನೆ ಬ್ಯಾಂಜೊ, ಮ್ಯಾಂಡೊಲಿನ್ ಅಥವಾ ಯುಕುಲೇಲಿಯನ್ನೂ ನುಡಿಸಬೇಕಾಗಬಹುದು. ಇದನ್ನು ಡಬ್ಲಿಂಗ್ ಎನ್ನುತ್ತಾರೆ. ಬ್ರಾಡ್‌ವೇ ವಾದಕರ ಸಂಘದ ಒಪ್ಪಂದದಂತೆ ಹೀಗೆ ಹೆಚ್ಚುವರಿ ವಾದ್ಯ ನುಡಿಸುವವರಿಗೆ ಹೆಚ್ಚುವರಿ ಸಂಭಾವನೆ ದೊರೆಯುತ್ತದೆ. ವಾದ್ಯ ಬದಲಾಯಿಸಲು ಕೆಲವೊಮ್ಮೆ ಎರಡು ಮೂರು ತಾಳಾವರ್ತಗಳಷ್ಟೇ ಸಮಯವಿರುತ್ತದೆ. ಆದ್ದರಿಂದ ಕೈಗೆಟಕುವ ಸ್ಟ್ಯಾಂಡು ಮತ್ತು ಬೇಗ ಶ್ರುತಿ ತಪ್ಪದ ವಾದ್ಯ ದುಬಾರಿ ಗಿಟಾರಿಗಿಂತ ಹೆಚ್ಚು ಉಪಯುಕ್ತ. ಬ್ಯಾಂಜೊವಿಗೆ ಪ್ರತ್ಯೇಕ ಬೆರಳುಗಾರಿಕೆ ಕಲಿಯುವುದನ್ನು ತಪ್ಪಿಸಲು ಅನೇಕರು ನಾಲ್ಕು ತಂತಿಯ ಬ್ಯಾಂಜೊವನ್ನು ಗಿಟಾರಿನ ಮೇಲಿನ ನಾಲ್ಕು ತಂತಿಗಳಂತೆ ಡಿ, ಜಿ, ಬಿ, ಇ ಸ್ವರಗಳಿಗೆ ಶ್ರುತಿ ಮಾಡಿಕೊಳ್ಳುತ್ತಾರೆ.

ಎಲೆಕ್ಟ್ರಿಕ್ ಗಿಟಾರಿನ ವಿಷಯದಲ್ಲಿ ಮೊದಲು ಪರಿಶೀಲಿಸಬೇಕಾದುದು ಅದರ ಪಿಕಪ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಈ ಭಾಗವು ಆಯಸ್ಕಾಂತದ ಸುತ್ತ ಸುತ್ತಿದ ತಂತಿಯ ಸುರುಳಿಯಾಗಿದ್ದು, ಸುತ್ತಲಿನ ವಿದ್ಯುತ್ಕಾಂತೀಯ ಅಡಚಣೆಯನ್ನೂ ಹೀರಿಕೊಳ್ಳುತ್ತದೆ. ರಂಗಮಂದಿರದಲ್ಲಿ ಇಂತಹ ಅಡಚಣೆ ಹೇರಳವಾಗಿದೆ. ಮುಖ್ಯ ವಿದ್ಯುತ್ ಪೂರೈಕೆಯ ಗುಂಯ್‌ಗುಡುವಿಕೆ ಅಮೆರಿಕದಲ್ಲಿ 60 ಹರ್ಟ್ಜ್, ಬ್ರಿಟನ್ನಿನಲ್ಲಿ 50 ಹರ್ಟ್ಜ್ ಮೂಲದ್ದು. ದೀಪಗಳನ್ನು ಮಂದಗೊಳಿಸುವ ಥೈರಿಸ್ಟರ್ ಡಿಮ್ಮರ್‌ಗಳು ವಿದ್ಯುತ್ ತರಂಗವನ್ನು ಪ್ರತಿ ಅರ್ಧಾವರ್ತದಲ್ಲೂ ಕತ್ತರಿಸುವುದರಿಂದ ಅದಕ್ಕಿಂತ ಕರ್ಕಶವಾದ ಝೇಂಕಾರವೂ ಸೇರಿಕೊಳ್ಳುತ್ತದೆ. ಅಬ್ಬರದ ಹಾಡಿನ ನಡುವೆ ಇದು ಯಾರಿಗೂ ತಿಳಿಯದು. ಆದರೆ ದೀಪಗಳು ಮಂದವಾಗಿ ನಟರೊಬ್ಬರು ಪಿಸುಮಾತಿನಲ್ಲಿ ಮಾತನಾಡುವ ದೃಶ್ಯದಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ.

ಈ ತೊಂದರೆಗೆ ಹಳೆಯ ಪರಿಹಾರವೆಂದರೆ ಹಂಬಕರ್ ಪಿಕಪ್. ಗಿಬ್ಸನ್ ಸಂಸ್ಥೆಯ ಸೇತ್ ಲವರ್ 1955ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಇದರಲ್ಲಿ ಪರಸ್ಪರ ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳಿದ್ದು, ಅವುಗಳ ಆಯಸ್ಕಾಂತ ಧ್ರುವಗಳೂ ಅದಲುಬದಲಾಗಿರುತ್ತವೆ. ಹೊರಗಿನ ಗದ್ದಲ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ರದ್ದಾಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಸ್ಟ್ರಾಟೊಕಾಸ್ಟರ್ ಮಾದರಿಯ ಒಂಟಿ ಸುರುಳಿಯ ಸ್ವಚ್ಛ ನಾದವೂ ಸ್ವರಲಿಪಿಗೆ ಬೇಕಾಗುವುದುಂಟು. ಅಂತಹ ಗಿಟಾರುಗಳಿಗೆ ಗದ್ದಲ ರದ್ದುಪಡಿಸುವ ವಿಶೇಷ ಪಿಕಪ್‌ಗಳು ದೊರೆಯುತ್ತವೆ. ಹಂಬಕರಿನ ಒಂದು ಸುರುಳಿಯನ್ನು ಕಡಿತಗೊಳಿಸುವ ಸ್ವಿಚ್ ಇರುವ ಗಿಟಾರ್ ಎರಡೂ ಬಗೆಯ ನಾದ ಕೊಡುತ್ತದೆಯಾದರೂ, ಸ್ವಿಚ್ ಒತ್ತಿದೊಡನೆ ಗದ್ದಲವೂ ಮರಳುತ್ತದೆ. ನಾಯ್ಸ್ ಗೇಟ್ ಬಳಸಿದರೆ ಮೌನದಲ್ಲಿ ಗದ್ದಲ ಅಡಗುತ್ತದೆ, ಆದರೆ ಮೆಲ್ಲನೆ ಕರಗುವ ಸ್ವರದ ಬಾಲವನ್ನೂ ಅದು ಕತ್ತರಿಸಿಬಿಡಬಹುದು. ಎಲ್ಲಕ್ಕಿಂತ ಸರಳ ಉಪಾಯವೆಂದರೆ ನುಡಿಸದಿರುವಾಗ ವಾಲ್ಯೂಮ್ ಪೆಡಲನ್ನು ಪೂರ್ತಿ ಇಳಿಸಿಡುವುದು.

ಆಂಪ್ಲಿಫೈಯರ್

ನಟರ ಧ್ವನಿ ಮತ್ತು ವಾದ್ಯಗಳ ಧ್ವನಿಯನ್ನು ಸಮತೋಲನಗೊಳಿಸುವುದು ಸಭಾಂಗಣದ ಮಿಕ್ಸಿಂಗ್ ಮೇಜಿನಲ್ಲಿ. ಪಿಟ್‌ನಿಂದ ನೇರವಾಗಿ ಪ್ರೇಕ್ಷಕರತ್ತ ಹೊಮ್ಮುವ ಆಂಪ್ಲಿಫೈಯರಿನ ಸದ್ದನ್ನು ಅಲ್ಲಿಂದ ತಗ್ಗಿಸಲು ಸಾಧ್ಯವಿಲ್ಲ. ಅದು ಪಕ್ಕದ ವಯೊಲಿನ್, ಕೊಳಲುಗಳ ಮೈಕ್ರೊಫೋನಿಗೂ ನುಸುಳುತ್ತದೆ. ಮುಂದಿನ ಸಾಲುಗಳಲ್ಲಿ ಕುಳಿತವರಿಗೆ ಹಾಡಿನ ಪದಗಳು ಅಸ್ಪಷ್ಟವಾಗುತ್ತವೆ, ಕಥೆಯ ಬಹುಭಾಗ ಹಾಡಿನಲ್ಲೇ ಸಾಗುವ ನಾಟಕದಲ್ಲಿ ಇದು ದೊಡ್ಡ ನಷ್ಟ.

ಕಡಿಮೆ ವ್ಯಾಟ್‌ನ ಆಂಪ್ಲಿಫೈಯರ್ ಕೊಂಡರೆ ಸಮಸ್ಯೆ ಬಗೆಹರಿಯುವುದೆಂಬ ನಂಬಿಕೆ ಅಷ್ಟು ಸರಿಯಲ್ಲ. ಶಕ್ತಿಯನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಧ್ವನಿಮಟ್ಟ ಇಳಿಯುವುದು 10 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸುಮಾರು ಅರ್ಧದಷ್ಟು ಎನಿಸುತ್ತದೆ. ಅಂದರೆ 5 ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ಕೂಡ ಪಿಟ್‌ನಲ್ಲಿ ವಿಪರೀತವಾಗಬಹುದು. ವಾಲ್ವ್ ಉಪಕರಣದ ಒರಟು ನಾದದ ಒಂದು ಭಾಗ ಅದರ ಶಕ್ತಿ ವಿಭಾಗವನ್ನು ಜೋರಾಗಿ ದುಡಿಸಿದಾಗಲೇ ಬರುವುದರಿಂದ, ಸದ್ದನ್ನು ತೀರ ತಗ್ಗಿಸಿದರೆ ನಾದವೂ ಬದಲಾಗುತ್ತದೆ. ಈ ಇಕ್ಕಟ್ಟಿಗೆ ಒಂದು ಉಪಾಯವೆಂದರೆ ಸ್ಪೀಕರನ್ನು ಧ್ವನಿನಿರೋಧಕ ಪೆಟ್ಟಿಗೆಯಲ್ಲಿ ಅಥವಾ ಬೇರೆ ಕೋಣೆಯಲ್ಲಿಟ್ಟು, ಅದರ ಮುಂದೆ ಮೈಕ್ರೊಫೋನ್ ಇರಿಸುವುದು. ಇನ್ನೊಂದು, ಸ್ಪೀಕರನ್ನೇ ಕೈಬಿಡುವುದು. 1998ರಲ್ಲಿ ಬಂದ ಲೈನ್ 6 ಪಾಡ್, 2015ರ ಹೀಲಿಕ್ಸ್ ಮೊದಲಾದ ಡಿಜಿಟಲ್ ಮಾಡೆಲರ್‌ಗಳು ಆಂಪ್ಲಿಫೈಯರ್ ಮತ್ತು ಸ್ಪೀಕರಿನ ನಾದವನ್ನು ಅನುಕರಿಸಿ ಮಿಕ್ಸಿಂಗ್ ಮೇಜಿಗೆ ನೇರ ಸಂಕೇತ ಕಳುಹಿಸುತ್ತವೆ. ವಾದಕರು ತಮ್ಮ ನಾದವನ್ನು ಇಯರ್‌ಫೋನಿನಲ್ಲಿ ಕೇಳಿಕೊಳ್ಳುತ್ತಾರೆ. ಸ್ಪೀಕರಿನ ಕಂಪನವನ್ನು ಮೈಯಲ್ಲೇ ಅನುಭವಿಸಿ ಅಭ್ಯಾಸವಾದವರಿಗೆ ಇದು ನೀರಸವೆನಿಸುವುದು ಸಹಜ, ಆದರೂ ಪಿಟ್‌ನ ಮಟ್ಟಿಗೆ ಇದೇ ಹೆಚ್ಚು ಯುಕ್ತವಾದ ಮಾರ್ಗ. ಅಕೌಸ್ಟಿಕ್ ವಾದ್ಯಗಳನ್ನು ಡಿಐ ಪೆಟ್ಟಿಗೆಯ ಮೂಲಕ ಪ್ರತ್ಯೇಕವಾಗಿ ಕಳುಹಿಸುವುದು ರೂಢಿ.

ಶ್ರವಣ ಸುರಕ್ಷತೆ

ಸದ್ದಿನ ಪ್ರಶ್ನೆ ಪ್ರೇಕ್ಷಕರದ್ದು ಮಾತ್ರವಲ್ಲ. ಬ್ರಿಟನ್ನಿನ 2005ರ ಕೆಲಸದ ಸ್ಥಳದ ಶಬ್ದ ನಿಯಂತ್ರಣ ನಿಯಮಗಳು 2008ರ ಏಪ್ರಿಲ್‌ನಿಂದ ಸಂಗೀತ ಮತ್ತು ಮನರಂಜನಾ ಕ್ಷೇತ್ರಕ್ಕೂ ಅನ್ವಯವಾದವು. ಲಂಡನ್ನಿನ ರಾಯಲ್ ಒಪೆರಾ ಹೌಸ್‌ನ ಪಿಟ್‌ನಲ್ಲಿ 2012ರ ತಾಲೀಮಿನ ವೇಳೆ ಹಿತ್ತಾಳೆ ವಾದ್ಯಗಳ ಮುಂದೆ ಕುಳಿತಿದ್ದ ವಯೋಲಾ ವಾದಕರೊಬ್ಬರು ತಮ್ಮ ಶ್ರವಣಕ್ಕೆ ಹಾನಿಯಾಯಿತೆಂದು ದಾವೆ ಹೂಡಿದರು. 2018ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಗಿಟಾರ್ ಆಂಪ್ಲಿಫೈಯರನ್ನು ನೆರೆಯ ವಾದಕರ ಕಿವಿಯ ಮಟ್ಟದಲ್ಲಿ ಇರಿಸಬಾರದೆಂಬುದು ಸೌಜನ್ಯಕ್ಕಿಂತ ಮಿಗಿಲಾದ ವಿಷಯ.

ಬದಲಿ ವಾದಕರು

ಬ್ರಾಡ್‌ವೇಯಲ್ಲಿ ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರದರ್ಶನಗಳಿರುತ್ತವೆ. ಖಾಯಂ ವಾದಕರು ಗೈರುಹಾಜರಾದಾಗ ಬದಲಿ ವಾದಕರು ಅದೇ ಕುರ್ಚಿಯಲ್ಲಿ ಕುಳಿತು, ಹಲವು ವೇಳೆ ಅದೇ ಉಪಕರಣಗಳಲ್ಲಿ ನುಡಿಸುತ್ತಾರೆ. ಹೀಗಾಗಿ ಪೆಡಲ್‌ಗಳ ಜೋಡಣೆ ಹೊಸಬರಿಗೂ ಅರ್ಥವಾಗುವಷ್ಟು ಸರಳವಾಗಿರಬೇಕು. ಪ್ರತಿ ಹಾಡಿಗೆ ಬೇಕಾದ ನಾದದ ಸಂಖ್ಯೆಯನ್ನು ಸ್ವರಲಿಪಿಯ ಅಂಚಿನಲ್ಲೇ ಪೆನ್ಸಿಲಿನಿಂದ ಬರೆದಿಡುವ ವಾದಕರೂ ಇದ್ದಾರೆ.