ಕ್ಯಾನ್ಸರ್ ರೋಗದ ಕಾರಣಗಳು: ಪರಿಸರ ಮತ್ತು ಅನುವಂಶೀಯತೆಯ ಕುರಿತ ಸಂಶೋಧನೆ

ಕ್ಯಾನ್ಸರ್ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವಾಗ ರೋಗಿಯ ವಯಸ್ಸು, ವಾಸಸ್ಥಳ, ಅಲ್ಲಿ ವಾಸವಾಗಿರುವ ಅವಧಿ, ಉದ್ಯೋಗ, ತಂಬಾಕು ಸೇವನೆ ಹಾಗೂ ಕುಟುಂಬದಲ್ಲಿ ಇತರರಿಗೆ ಈ ರೋಗ ಬಂದಿರುವ ಬಗ್ಗೆ ವಿಚಾರಿಸಲಾಗುತ್ತದೆ. ಚಿಕಿತ್ಸೆಗೂ ಈ ಪ್ರಶ್ನೆಗಳಿಗೂ ಏನು ಸಂಬಂಧವೆಂಬ ಸಂದೇಹ ಸಾರ್ವಜನಿಕರಲ್ಲಿ ಮೂಡುವುದು ಸಹಜ. ಆದರೆ ಕ್ಯಾನ್ಸರ್ ರೋಗದ ಕಾರಣಗಳ ಬಗ್ಗೆ ಇಂದು ತಿಳಿದಿರುವ ಅನೇಕ ಸಂಗತಿಗಳು ಇಂತಹ ಪ್ರಶ್ನೆಗಳಿಗೆ ರೋಗಿಗಳು ನೀಡಿದ ಉತ್ತರಗಳಿಂದಲೇ ದೊರೆತಿವೆ.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಏರುತ್ತಿತ್ತು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ತಜ್ಞರು ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಇದರ ಕಾರಣವನ್ನು ಶೋಧಿಸಿದರು. ರಸ್ತೆಗೆ ಹಾಕುವ ಡಾಂಬರು ಅಥವಾ ವಾಹನಗಳ ಹೊಗೆ ಕಾರಣವಿರಬಹುದೆಂಬುದು ಡಾಲ್ ಅವರ ಮೊದಲ ಅನುಮಾನವಾಗಿತ್ತು. 1950ರಲ್ಲಿ ಪ್ರಕಟವಾದ ವರದಿಯಂತೆ, ಈ ರೋಗವಿದ್ದ 649 ಪುರುಷರಲ್ಲಿ ಧೂಮಪಾನ ಮಾಡದವರು ಕೇವಲ 2. ಬೇರೆ ಕಾಯಿಲೆಯಿದ್ದ 649 ಪುರುಷರಲ್ಲಿ 27. ಲೆಕ್ಕ ಸ್ಪಷ್ಟವಾಗುತ್ತಿದ್ದಂತೆ ಡಾಲ್ ಅವರೇ ಧೂಮಪಾನವನ್ನು ತ್ಯಜಿಸಿದರು.

ಇದಕ್ಕೆ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಆಕ್ಷೇಪ ಎತ್ತಿದರು. ಧೂಮಪಾನದ ಒಲವನ್ನೂ ಕ್ಯಾನ್ಸರನ್ನೂ ಒಂದೇ ವಂಶವಾಹಿ ಉಂಟುಮಾಡುತ್ತಿರಬಹುದಲ್ಲವೇ ಎಂಬುದು ಅವರ ವಾದ. ಫಿಷರ್ ಅವರು ತಂಬಾಕು ತಯಾರಕರ ಸಲಹೆಗಾರರಾಗಿದ್ದರೆಂಬುದು ನಿಜವಾದರೂ ಪ್ರಶ್ನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಉತ್ತರ ದೊರೆತದ್ದು 1951ರಲ್ಲಿ ಆರಂಭವಾದ ಮತ್ತೊಂದು ಅಧ್ಯಯನದಿಂದ. ಸುಮಾರು 40,000 ಬ್ರಿಟಿಷ್ ವೈದ್ಯರು ತಮ್ಮ ಧೂಮಪಾನದ ವಿವರವನ್ನು ಬರೆದು ಕಳುಹಿಸಿದರು. ಅವರನ್ನು ದಶಕಗಳ ಕಾಲ ಗಮನಿಸಲಾಯಿತು. ವಂಶವಾಹಿಯೊಂದೇ ಕಾರಣವಾಗಿದ್ದಲ್ಲಿ ಧೂಮಪಾನ ಬಿಟ್ಟವರಿಗೆ ಪ್ರಯೋಜನವಾಗುವಂತಿರಲಿಲ್ಲ. ಆದರೆ ಪ್ರಯೋಜನವಾಯಿತು. 2004ರ ವರದಿಯ ಪ್ರಕಾರ ಧೂಮಪಾನಿಗಳ ಆಯುಷ್ಯ ಸರಾಸರಿ 10 ವರ್ಷ ಕಡಿಮೆ. 60ನೇ ವಯಸ್ಸಿನಲ್ಲಿ ಬಿಟ್ಟವರೂ ಸುಮಾರು 3 ವರ್ಷ ಗಳಿಸಿದರು.

ಹಾಗೆಂದು ಅನುವಂಶೀಯತೆಯ ಪಾತ್ರವಿಲ್ಲವೆಂದಲ್ಲ. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಅವರು 23 ಕುಟುಂಬಗಳ 146 ಸ್ತನ ಕ್ಯಾನ್ಸರ್ ಪ್ರಕರಣಗಳನ್ನು ಪರಿಶೀಲಿಸಿ, ಇದಕ್ಕೆ ಸಂಬಂಧಿಸಿದ ವಂಶವಾಹಿಯು 17ನೇ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ತೋರಿಸಿದರು. ಬಿ.ಆರ್.ಸಿ.ಎ.-1 ಎಂಬ ಈ ವಂಶವಾಹಿಯನ್ನು 1994ರಲ್ಲಿ ಪ್ರತ್ಯೇಕಿಸಲಾಯಿತು. ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಹೀಗೆ ವಂಶಪಾರಂಪರ್ಯವಾಗಿ ಬರುವಂಥವು ಶೇಕಡ 5ರಿಂದ 10ರಷ್ಟು ಮಾತ್ರ. ದೋಷವುಳ್ಳ ವಂಶವಾಹಿಯು ತಂದೆಯಿಂದಲೂ ಬರಬಹುದು. ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡ 50. ಆದ್ದರಿಂದ ತಾಯಿಯ ಕಡೆಯವರ ಬಗ್ಗೆ ಮಾತ್ರವಲ್ಲದೆ ಸೋದರತ್ತೆ, ಅಜ್ಜಿ ಮುಂತಾದ ತಂದೆಯ ಕಡೆಯವರ ಬಗ್ಗೆಯೂ ವೈದ್ಯರಿಗೆ ತಿಳಿಸುವುದು ಅವಶ್ಯಕ.

ಮನೆಯ ಹೆಣ್ಣುಮಕ್ಕಳ ವಿವಾಹಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಈ ವಿವರವನ್ನು ಮರೆಮಾಚುವ ಕುಟುಂಬಗಳುಂಟು. ಇದರಿಂದ ತೊಂದರೆಗೊಳಗಾಗುವವರು ಅದೇ ಹೆಣ್ಣುಮಕ್ಕಳು. ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಥವಾ ಅಂಡಾಶಯದ ಕ್ಯಾನ್ಸರ್ ಬಂದವರು ಕುಟುಂಬದಲ್ಲಿರುವುದು ತಿಳಿದಲ್ಲಿ, ಉಳಿದವರಿಗೆ ತಪಾಸಣೆಯನ್ನು ಬೇಗ ಆರಂಭಿಸಲು ವೈದ್ಯರಿಗೆ ಸಾಧ್ಯವಾಗುತ್ತದೆ.

ಕರ್ನಾಟಕದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1982ರಿಂದ ನಗರದ ಕ್ಯಾನ್ಸರ್ ಪ್ರಕರಣಗಳನ್ನು ನೋಂದಾಯಿಸುತ್ತಿದೆ. ನಗರದಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿರುವವರನ್ನು ಮಾತ್ರ ನಗರದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಚಿಕಿತ್ಸೆಗೆಂದು ಬಂದವರು ನೆಂಟರ ಮನೆಯ ವಿಳಾಸವನ್ನೇ ತಮ್ಮ ಖಾಯಂ ವಿಳಾಸವೆಂದು ಬರೆಸಿದಲ್ಲಿ, ಅವರ ಊರಿನ ರೋಗವು ಬೆಂಗಳೂರಿನ ಲೆಕ್ಕಕ್ಕೆ ಸೇರಿ, ಆ ಊರಿನ ನೀರು, ಗಾಳಿ, ಕಸುಬುಗಳ ಬಗ್ಗೆ ಏಳಬೇಕಾದ ಪ್ರಶ್ನೆ ಏಳದೇ ಹೋಗುತ್ತದೆ.

ತಂಬಾಕಿನ ಪ್ರಶ್ನೆಗೆ, ಬೀಡಿ ಸಿಗರೇಟು ಸೇದುವುದಿಲ್ಲವೆಂಬ ಕಾರಣಕ್ಕೆ “ಇಲ್ಲ” ಎಂದು ಉತ್ತರಿಸುವವರಿದ್ದಾರೆ. ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ, ನಶ್ಯ ಇವೆಲ್ಲವೂ ತಂಬಾಕು ಸೇವನೆಯೇ ಆಗಿವೆ. ತಂಬಾಕಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಈ ಅಭ್ಯಾಸಗಳಿದ್ದಲ್ಲಿ, ಎಷ್ಟು ವರ್ಷಗಳಿಂದ ಎಂಬುದನ್ನೂ, ಬಿಟ್ಟಿದ್ದಲ್ಲಿ ಯಾವಾಗ ಬಿಟ್ಟರೆಂಬುದನ್ನೂ ಬರೆಸತಕ್ಕದ್ದು.