ಸುನಾಮಿಗೆ ದಾರಿ ತೋರುವ ಕಡಲಡಿಯ ಬೆಟ್ಟಗಳು

2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾ ಬಳಿ ಕಡಲ ತಳ ನಡುಗಿತು. ಭೂಕಂಪದ ತೀವ್ರತೆ 9.1. ಸುಮಾರು ಎರಡೂವರೆ ಗಂಟೆಯಲ್ಲಿ ಸುನಾಮಿ ಚೆನ್ನೈ ಮುಟ್ಟಿತು, ನಾಗಪಟ್ಟಿಣಂ ಜಿಲ್ಲೆಯಲ್ಲಿ ಸಾವಿರಾರು ಜನ ಸತ್ತರು. ಶ್ರೀಲಂಕಾದ ಮರೆಯಲ್ಲಿದ್ದ ಕೇರಳವನ್ನೂ ಅಲೆ ಬಿಡಲಿಲ್ಲ. ಕೊಲ್ಲಂ, ಆಲಪ್ಪುಳ ಕಡೆ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಕಾಸರಗೋಡು ತೀರಕ್ಕೆ ಅಂತಹ ಪೆಟ್ಟು ಬೀಳಲಿಲ್ಲ. ಅಡ್ಡ ಇದ್ದ ದ್ವೀಪವನ್ನು ಬಳಸಿಕೊಂಡು ಅಲೆ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಇರುವುದು ನೀರಿನ ಅಡಿಯಲ್ಲಿ.

ಗಾಳಿಯಿಂದ ಏಳುವ ದಿನನಿತ್ಯದ ತೆರೆಗೆ ಆಳ ಸಮುದ್ರದ ತಳ ಗೊತ್ತೇ ಆಗುವುದಿಲ್ಲ. ತೆರೆಯಿಂದ ತೆರೆಗೆ ನೂರು ಮೀಟರ್ ಅಂತರವಿದ್ದರೆ, ಐವತ್ತು ಮೀಟರ್ ಕೆಳಗೆ ನೀರು ಹೆಚ್ಚುಕಡಿಮೆ ನಿಶ್ಚಲ. ಸುನಾಮಿ ಹಾಗಲ್ಲ. ಅದರ ಒಂದು ಅಲೆಯ ಉದ್ದವೇ ನೂರಾರು ಕಿಲೋಮೀಟರ್, ಕಡಲಿನ ಆಳವೋ ನಾಲ್ಕು ಕಿಲೋಮೀಟರ್. ಹೀಗಾಗಿ ಮೇಲಿನಿಂದ ತಳದವರೆಗಿನ ನೀರೆಲ್ಲ ಒಟ್ಟಿಗೆ ಚಲಿಸುತ್ತದೆ.

ಆಳವಿದ್ದಲ್ಲಿ ಸುನಾಮಿಗೆ ವೇಗ ಹೆಚ್ಚು. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ವಿಮಾನದ ಓಟ ಎನ್ನಿ. ಐವತ್ತು ಮೀಟರ್ ಆಳದಲ್ಲಿ 80 ಕಿಲೋಮೀಟರ್ ಮಾತ್ರ. ಎತ್ತಿನ ಗಾಡಿಯ ಒಂದು ಗಾಲಿ ಕೆಸರಿಗೆ ಇಳಿದರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಅಲೆಯೂ ಹಾಗೆಯೇ ಆಳ ಕಡಿಮೆ ಇರುವ ಕಡೆಗೆ ಬಾಗುತ್ತದೆ. ಲಂಕೆಯ ಸುತ್ತಲಿನ ಆಳವಿಲ್ಲದ ಕಡಲು ಅಲೆಯನ್ನು ಬಾಗಿಸಿ ಕೇರಳದ ಕಡೆಗೆ ತಿರುಗಿಸಿತು. ಲಕ್ಷದ್ವೀಪ, ಮಾಲ್ದೀವ್ಸ್ ಸಾಲಿಗೆ ಬಡಿದು ಹಿಂದಿರುಗಿದ ನೀರೂ ಅದಕ್ಕೆ ಸೇರಿತು. ಮೊದಲ ಅಲೆ ಹೋಯಿತೆಂದು ದಡಕ್ಕೆ ಇಳಿಯಬಾರದು ಎನ್ನುವುದು ಇದೇ ಕಾರಣಕ್ಕೆ.

ಸಾಗರಗಳ ನಡುವೆ ಸಾವಿರಾರು ಕಿಲೋಮೀಟರ್ ಉದ್ದದ ಮುಳುಗಿದ ಬೆಟ್ಟಸಾಲುಗಳಿವೆ. ಅವುಗಳ ನೆತ್ತಿಯ ಮೇಲೆ ಅಲೆ ನಿಧಾನ, ಎರಡೂ ಮಗ್ಗುಲಲ್ಲಿ ವೇಗ. ಆದ್ದರಿಂದ ಅಲೆಯ ಬಲ ಬೆಟ್ಟಸಾಲಿನ ಮೇಲೆಯೇ ಕೂಡಿಕೊಂಡು, ಗದ್ದೆಯ ಕಾಲುವೆಯಲ್ಲಿ ನೀರು ಹೋದಂತೆ ದೂರಕ್ಕೆ ಸಾಗುತ್ತದೆ. 2004ರ ಸುನಾಮಿ ಹೀಗೆಯೇ ಅಟ್ಲಾಂಟಿಕ್ ಸಾಗರಕ್ಕೂ ಹೋಯಿತು. ಭೂಕಂಪದ ಸ್ಥಳಕ್ಕೆ 1,700 ಕಿಲೋಮೀಟರ್ ಹತ್ತಿರದ ಕೋಕೋಸ್ ದ್ವೀಪದಲ್ಲಿ ಕಂಡದ್ದಕ್ಕಿಂತ ದೊಡ್ಡ ಅಲೆ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ದಾಖಲಾಯಿತು! ಹತ್ತಿರದವರಿಗೇ ಹೆಚ್ಚು ಅಪಾಯ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಭೂಕಂಪವಾಗಿ ಎರಡು ಗಂಟೆಗೆ ಜೇಸನ್-1 ಎಂಬ ಉಪಗ್ರಹ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಯಿತು. 1,336 ಕಿಲೋಮೀಟರ್ ಎತ್ತರದಿಂದ ರೇಡಾರ್ ಕಿರಣ ಬಿಟ್ಟು, ಅದು ಮರಳುವ ಸಮಯದಿಂದ ನೀರಿನ ಮಟ್ಟ ಅಳೆಯುವುದು ಅದರ ಕೆಲಸ. ಆಳ ಸಮುದ್ರದಲ್ಲಿ ಸುನಾಮಿಯ ಎತ್ತರ ಬರೀ 60 ಸೆಂಟಿಮೀಟರ್ ಆಸುಪಾಸು ಎಂದು ಅದು ತೋರಿಸಿತು. ದೋಣಿಯಲ್ಲಿದ್ದವನಿಗೆ ಇದು ತಿಳಿಯುವುದೇ ಇಲ್ಲ. ದಡದ ಹತ್ತಿರ ಮುಂದಿನ ನೀರು ನಿಧಾನವಾಗಿ, ಹಿಂದಿನದು ಒತ್ತಿಕೊಂಡು ಬಂದಾಗಲೇ ಅದು ಗೋಡೆಯಾಗುವುದು.

ಇಂತಹ ಉಪಗ್ರಹಗಳಿಂದಲೇ ಕಡಲ ತಳದ ನಕ್ಷೆಯನ್ನೂ ಮಾಡಿದ್ದಾರೆ ಎಂಬುದು ಸ್ವಾರಸ್ಯ. ಮುಳುಗಿದ ಬೆಟ್ಟ ತನ್ನ ಗುರುತ್ವದಿಂದ ಸುತ್ತಲ ನೀರನ್ನು ಎಳೆದುಕೊಳ್ಳುತ್ತದೆ. ಎರಡು ಸಾವಿರ ಮೀಟರ್ ಬೆಟ್ಟದ ಮೇಲೆ ಕಡಲು ಸುಮಾರು ಎರಡು ಮೀಟರ್ ಉಬ್ಬಿರುತ್ತದೆ. ಆ ಉಬ್ಬು ಅಳೆದರೆ ಕೆಳಗಿನ ಬೆಟ್ಟ ಸಿಕ್ಕಂತೆ.

ಆದರೆ ಉಪಗ್ರಹವನ್ನೇ ನಂಬಿ ಕೂರುವಂತಿಲ್ಲ. ಅದು ಸರಿಯಾದ ಹೊತ್ತಿಗೆ ಸರಿಯಾದ ಜಾಗದ ಮೇಲೆ ಇರಬೇಕು. 2025ರ ಜುಲೈನಲ್ಲಿ ರಷ್ಯಾದ ಕಮ್ಚಟ್ಕಾ ಭೂಕಂಪದ ಸುನಾಮಿಯನ್ನು ಸ್ವಾಟ್ ಉಪಗ್ರಹ ಸುಮಾರು 70 ನಿಮಿಷದ ನಂತರ ಕಂಡಿತು, ಗೆರೆಯಾಗಿ ಅಲ್ಲ, ಅಗಲವಾದ ಪಟ್ಟಿಯಾಗಿ. ಲೆಕ್ಕಾಚಾರ ತಿದ್ದಿಕೊಳ್ಳಲು ಇದು ಬಹಳ ಉಪಯೋಗ. ಎಚ್ಚರಿಕೆ ಕೊಡುವ ಕೆಲಸ ಮಾತ್ರ 2007ರಿಂದ ಹೈದರಾಬಾದಿನ ಇನ್‌ಕಾಯ್ಸ್ ಕೇಂದ್ರದ್ದು. ಭೂಕಂಪಮಾಪಕ, ಕಡಲ ತಳದ ಒತ್ತಡಮಾಪಕ, ಬಂದರಿನ ನೀರುಮಟ್ಟದ ಯಂತ್ರಗಳನ್ನು ಅದು ನೆಚ್ಚಿಕೊಂಡಿದೆ. ಮಲಯಾಳದಲ್ಲಿ 'ಕಳ್ಳಕಡಲ್' ಎನ್ನುವ ದಿಢೀರ್ ಉಬ್ಬರದ ಸೂಚನೆಯೂ ಅಲ್ಲಿಂದಲೇ ಬರುತ್ತದೆ. ಅದು ಸುನಾಮಿಯಲ್ಲ, ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ತೆರೆ. ಮೀನುಗಾರರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು.