ಸಂತೆಯೇ ಮನೆಗೆ ಬಂದಾಗ

ದೀಪಾವಳಿಗೆ ಇನ್ನು ಮೂರು ದಿನವಿದೆ ಎನ್ನುವಾಗ ಬೆಂಗಳೂರಿನ ಚಿಕ್ಕಪೇಟೆಯನ್ನು ಹೊಕ್ಕವನಿಗೆ ಅಭಿಮನ್ಯುವಿನ ಕಷ್ಟವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಒಳಗೆ ಹೋಗುವುದು ಸುಲಭ. ಹಿಂದಿನಿಂದ ಬರುವ ಜನಪ್ರವಾಹವೇ ನಮ್ಮನ್ನು ಹೊತ್ತೊಯ್ಯುತ್ತದೆ. ಹೊರಗೆ ಬರುವುದೇ ಸಮಸ್ಯೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯದು. ಎತ್ತಿನ ಗಾಡಿಗೂ ಹೇರು ಹೊತ್ತ ಕತ್ತೆಗೂ ತಕ್ಕಂತೆ ಅಳೆದ ಬೀದಿಗಳಲ್ಲಿ ಈಗ ಸಮಸ್ತ ನಗರವೇ ಸೀರೆ ಕೊಳ್ಳಲು ಬಂದರೆ ಬೀದಿಯ ತಪ್ಪೇನು? 2017ರಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣ ಅಲ್ಲಿ ತೆರೆದಾಗ ಇನ್ನು ಸುಖವಾಯಿತೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ. ಆದುದಿಷ್ಟೇ: ಮೊದಲು ಬೇಸರಪಟ್ಟು ಬಾರದೆ ಇದ್ದವರೂ ಈಗ ಬರತೊಡಗಿದ್ದಾರೆ.

ಎರಡು ವರ್ಷದ ಹಿಂದೆ ಅಂತಹ ಒಂದು ಸಂಜೆ, ಐದು ವರ್ಷದ ನನ್ನ ಮಗನ ಕೈ ನನ್ನ ಕೈಯಿಂದ ಜಾರಿತು. ಮತ್ತೆ ಸಿಕ್ಕಿದ್ದು ಹತ್ತು ನಿಮಿಷದ ಮೇಲೆ. ಬಳೆಯಂಗಡಿಯೊಂದರ ಕಟ್ಟೆಯ ಮೇಲೆ, ಅಂಗಡಿಯಾಕೆ ಕೊಟ್ಟ ಬಾಳೆಹಣ್ಣನ್ನು ತಿನ್ನುತ್ತ ಅವನು ನಿಶ್ಚಿಂತೆಯಿಂದ ಕುಳಿತಿದ್ದ. ಆ ಹತ್ತು ನಿಮಿಷವನ್ನು ನಾನೂ ನನ್ನಾಕೆಯೂ ಹೇಗೆ ಕಳೆದೆವೆಂಬುದನ್ನು ಇಲ್ಲಿ ಬರೆಯಲಾರೆ. ಮನೆಗೆ ಬಂದವಳೇ ಆಕೆ ಅಪ್ಪಣೆ ಹೊರಡಿಸಿದಳು: ಇನ್ನು ಮೇಲೆ ಹಬ್ಬದ ಉಡುಗೊರೆಗಳೆಲ್ಲ ಮೊಬೈಲಿನಲ್ಲಿಯೇ.

ಕಾಣದ ಅಂಗಡಿಯಿಂದ ಸರಕು ತರಿಸುವುದು ನಮ್ಮವರಿಗೆ ಹೊಸದೆಂದು ತಿಳಿಯಬೇಡಿ. ನಮ್ಮ ಅಂಚೆಯ ಇಲಾಖೆ ವಿ.ಪಿ.ಪಿ. ಪದ್ಧತಿಯನ್ನು ಆರಂಭಿಸಿದ್ದು 1877ರಲ್ಲಿ. ಹುನಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜ ವಾರಪತ್ರಿಕೆಯ ಜಾಹೀರಾತನ್ನು ನೋಡಿ ಕೈಗಡಿಯಾರವನ್ನೂ ಪುಸ್ತಕಗಳನ್ನೂ ತರಿಸಿದ್ದುಂಟು. ಅಂಚೆಯವನ ಕೈಗೆ ಹಣವನ್ನೆಣಿಸಿದ ಮೇಲೆಯೇ ಪಾರ್ಸೆಲು ಇವರ ಕೈಗೆ. ಹಣ ಮನಿಯಾರ್ಡರಾಗಿ ವ್ಯಾಪಾರಿಗೆ. ಕಟ್ಟು ಬಿಚ್ಚುವಾಗ ಓಣಿಯೆಲ್ಲ ನೆರೆಯುತ್ತಿತ್ತಂತೆ. ಆ ಗಡಿಯಾರ ಆರು ತಿಂಗಳಿಗೆ ನಿಂತುಹೋದರೂ ಅಜ್ಜ ಅದನ್ನು ಕಟ್ಟಿಕೊಳ್ಳುವುದನ್ನು ಬಿಡಲಿಲ್ಲ!

ತಂತಿಯ ಮೂಲಕ ಮನೆಯಿಂದಲೇ ಸಾಮಾನು ಕೊಂಡವರಲ್ಲಿ ಮೊದಲಿಗಳೆಂದು ಹೆಸರಾದವಳು ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ 72 ವರ್ಷದ ಮುದುಕಿ, ಜೇನ್ ಸ್ನೋಬಾಲ್. 1984ರಲ್ಲಿ ಆಕೆ ತನ್ನ ಟೆಲಿವಿಷನ್ನಿನ ಗುಂಡಿಗಳನ್ನೊತ್ತಿ ತರಿಸಿದ್ದು ಮಾರ್ಗರಿನ್, ಕಾರ್ನ್‌ಫ್ಲೇಕ್ಸ್ ಮತ್ತು ಮೊಟ್ಟೆ. ಈ ವಿದ್ಯೆ ಹುಟ್ಟಿದ್ದು ಸೋಮಾರಿಗಳಿಗಾಗಿಯಲ್ಲ, ಅಂಗಡಿಗೆ ನಡೆಯಲಾರದವರಿಗಾಗಿ ಎಂಬುದನ್ನು ನಾವು ಮರೆತಿದ್ದೇವೆ. 1995ರಲ್ಲಿ ಅಮೆರಿಕದ ಅಮೆಜಾನ್ ಪುಸ್ತಕ ಮಾರತೊಡಗಿತು. 2007ರಲ್ಲಿ ನಮ್ಮ ಕೋರಮಂಗಲದಲ್ಲಿಯೇ ಇಬ್ಬರು ತರುಣರು ಫ್ಲಿಪ್‌ಕಾರ್ಟನ್ನು ತೆರೆದರು. ಅವರೂ ಮೊದಲು ಮಾರಿದ್ದು ಪುಸ್ತಕವನ್ನೇ. ಕನ್ನಡದ ಮೇಷ್ಟರಿಗೆ ಇದರಿಂದ ಸ್ವಲ್ಪ ಹೆಮ್ಮೆಯಾದರೆ ಕ್ಷಮಿಸಬೇಕು. ಆದರೆ ನಮ್ಮ ಜನ ಕಾಣದ ವ್ಯಾಪಾರಿಗೆ ಮುಂಗಡ ಹಣ ಕೊಟ್ಟಾರೆಯೇ? 2010ರಲ್ಲಿ ಆ ಕಂಪನಿ ‘ಸರಕು ಬಂದ ಮೇಲೆ ಹಣ’ ಎಂಬ ಏರ್ಪಾಟನ್ನು ತಂದಾಗಲೇ ವ್ಯಾಪಾರ ಕುದುರಿದ್ದು. ಅಜ್ಜನ ವಿ.ಪಿ.ಪಿ.ಯೇ ಹೊಸ ಅಂಗಿ ತೊಟ್ಟು ಬಂದಿತ್ತು. 2014ರ ಅಕ್ಟೋಬರ್ 6ರಂದು ನಡೆದ ಅದರ ಮೊದಲ ಮಹಾಮಾರಾಟದ ದಿನ ಜನ ಮುಗಿಬಿದ್ದ ರಭಸಕ್ಕೆ ಆ ಕಾಣದ ಅಂಗಡಿಯೂ ತತ್ತರಿಸಿ, ಅದರ ಒಡೆಯರು ಗಿರಾಕಿಗಳ ಕ್ಷಮೆ ಕೇಳಬೇಕಾಯಿತು. ನೂಕುನುಗ್ಗಲು ಚಿಕ್ಕಪೇಟೆಗೆ ಮಾತ್ರ ಮೀಸಲಲ್ಲ!

ನನ್ನಾಕೆಯ ಅಪ್ಪಣೆಯಿಂದ ಆದ ಅನುಕೂಲವನ್ನು ಅಲ್ಲಗಳೆಯಲಾರೆ. ರಾತ್ರಿ ಊಟವಾದ ಮೇಲೆ, ಮಕ್ಕಳು ಮಲಗಿದ ಹೊತ್ತಿನಲ್ಲಿ, ಹತ್ತು ಅಂಗಡಿಯ ಬೆಲೆಗಳನ್ನು ಹೋಲಿಸಿ ನೋಡಬಹುದು. ಚನ್ನಪಟ್ಟಣದ ಬೊಂಬೆಯನ್ನು ಧಾರವಾಡದ ಸೋದರಳಿಯನಿಗೆ ನೇರವಾಗಿ ಕಳಿಸಬಹುದು. ಬೇಡವೆಂದು ಎದ್ದುಬಂದರೆ ಅಂಗಡಿಯವನ ಮುಖ ನೋಡುವ ಸಂಕೋಚವಿಲ್ಲ. ನಮ್ಮಂತಹ ದಾಕ್ಷಿಣ್ಯದ ಪ್ರಾಣಿಗಳಿಗೆ ಈ ಕೊನೆಯದೇ ದೊಡ್ಡ ಲಾಭ.

ಎಡವಿದ್ದು ಕಳೆದ ಪಂಚಮಿಯಲ್ಲಿ.

ನಮ್ಮ ಕಡೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಉಂಡಿ, ತವರಿನ ಸೀರೆ. ಪುಣೆಯಲ್ಲಿ ಕೆಲಸದಲ್ಲಿರುವ ತಂಗಿಗೆ ಈ ಸಲ ರಜೆ ಸಿಗಲಿಲ್ಲ. ಮೊಣಕಾಲು ನೋವಿನಿಂದ ಮೂರು ವರ್ಷದಿಂದ ನನ್ನ ಬಳಿಯೇ ಇರುವ ಅವ್ವ, “ಬರದಿದ್ರ ಇರ್ಲಿ, ಇಳಕಲ್ಲ ಸೀರಿ ತಪ್ಪಬಾರದು” ಎಂದಳು. ಮೊಬೈಲಿನಲ್ಲಿ ಹುಡುಕಿದೆ. ‘ಅಸಲಿ ಇಳಕಲ್ಲು ಕೈಮಗ್ಗ’ ಎಂಬ ತಲೆಬರಹ, ಸೊಗಸಾದ ಚಿತ್ರ, ಅರ್ಧಕ್ಕರ್ಧ ರಿಯಾಯಿತಿ. ನೇರವಾಗಿ ತಂಗಿಯ ವಿಳಾಸಕ್ಕೇ ಕಳಿಸಿದೆ. ಹಬ್ಬದ ಹಿಂದಿನ ದಿನವೇ ಮುಟ್ಟಿತು. “ಭಾಳ ಛಲೋ ಐತಿ ಅಣ್ಣಾ” ಎಂದಳು ತಂಗಿ. ಉಟ್ಟುಕೊಂಡು ಚಿತ್ರವನ್ನೂ ಕಳಿಸಿದಳು.

ಅವ್ವ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಮ್ಮಾ, ಇದು ಇಳಕಲ್ಲ ಸೀರಿ ಅಲ್ಲೋ. ಸೆರಗ ಕೂಡಿಸೇ ಇಲ್ಲ” ಎಂದಳು.

ಓದುಗರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಸಾಂಪ್ರದಾಯಿಕ ಇಳಕಲ್ಲು ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದೊಂದೇ ಎಳೆಯನ್ನು ಇನ್ನೊಂದರ ಕುಣಿಕೆಯೊಳಗೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಆ ಕೂಡುಗೆರೆಯಾಚೆ ಕೆಂಪು ಸೆರಗಿನಲ್ಲಿ ಬಿಳಿಯ ಟೋಪ ತೆನೆ ಏಳುತ್ತದೆ. ಒಂದು ಸೆರಗಿಗೆ ಇಷ್ಟು ಕೆಲಸವಿರುವಾಗ ಅರ್ಧ ಬೆಲೆಗೆ ಅದು ಹೇಗೆ ಬಂದೀತು ಎಂದು ನಾನು ಯೋಚಿಸಬೇಕಿತ್ತು. ನಾನು ಕಳಿಸಿದ್ದು ಪಾಲಿಯೆಸ್ಟರಿನ ಮೇಲೆ ಅಚ್ಚು ಹಾಕಿದ ಬಟ್ಟೆ. ತಂಗಿಗೆ ಕಟ್ಟು ಬಿಚ್ಚಿದೊಡನೆಯೇ ತಿಳಿದಿತ್ತು. ಅಣ್ಣನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಳು. ಉಟ್ಟಾಗಿದ್ದುದರಿಂದ ಮರಳಿಸುವಂತೆಯೂ ಇರಲಿಲ್ಲ. ಅಂಗಡಿಯಲ್ಲಿಯಾದರೆ ಅವ್ವ ಕಣ್ಣು ಮುಚ್ಚಿ, ಬರಿಯ ಹೆಬ್ಬೆರಳಿನಿಂದ ಸವರಿ ಅದನ್ನು ತಳ್ಳಿಬಿಡುತ್ತಿದ್ದಳು. ಮೊಬೈಲಿನ ಗಾಜಿನ ಮೇಲೆ ಎಲ್ಲ ಸೀರೆಯೂ ಒಂದೇ ನುಣುಪು.

ಸಿಟ್ಟಿನಲ್ಲಿ ಕಾಯಿದೆಯನ್ನು ಓದಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿಯೊಂದು ಕಂಪನಿಯೂ ಕುಂದುಕೊರತೆಯ ಅಧಿಕಾರಿಯನ್ನು ನೇಮಿಸಿರಬೇಕು. ದೂರು ಬಂದುದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕಟ್ಟು ಬಿಚ್ಚುವುದನ್ನು ಆದಿಯಿಂದ ಅಂತ್ಯದವರೆಗೆ ವೀಡಿಯೋ ಹಿಡಿದಿಟ್ಟುಕೊಂಡವರ ದೂರಿಗೆ ಬಲ ಹೆಚ್ಚು. ‘ಹಬ್ಬದ ಬಹುಮಾನ ಬಂದಿದೆ, ಇಲ್ಲಿ ಒತ್ತಿರಿ’ ಎಂಬ ಸಂದೇಶ ಬಂದರೆ ಒತ್ತಬಾರದು. ಕರೆ ಮಾಡಿ ಓಟಿಪಿ ಕೇಳಿದವರಿಗೆ ಅದನ್ನು ಹೇಳಲೂ ಬಾರದು. ದೂರು ಕೊಟ್ಟೆ. ಹಣ ಮರಳಿತು. ಪಂಚಮಿ ಮರಳಲಿಲ್ಲ.

ಇನ್ನೊಂದು ಮಾತು. ನಾವು ತಪ್ಪಿಸಿಕೊಂಡ ನೂಕುನುಗ್ಗಲು ಎಲ್ಲಿಗೆ ಹೋಯಿತು? ಅದನ್ನು ಬೆನ್ನ ಮೇಲಿನ ಚೀಲದಲ್ಲಿ ಹೊತ್ತುಕೊಂಡು ಒಬ್ಬ ಹುಡುಗ ಮೂರನೆಯ ಮಹಡಿ ಹತ್ತಿ ಬರುತ್ತಾನೆ. ನರಕಚತುರ್ದಶಿಯ ರಾತ್ರಿ ಒಂಬತ್ತಕ್ಕೆ ನಮ್ಮ ಬಾಗಿಲಿಗೆ ಬಂದವನು ಸಿಂದಗಿಯ ಕಡೆಯವನು. ಕರ್ಜಿಕಾಯಿ ಕೊಟ್ಟರೆ ನಿಂತುಕೊಂಡೇ ತಿಂದು, ಇನ್ನೂ ಹನ್ನೊಂದು ಮನೆಗಳಿವೆಯೆಂದು ಓಡಿದ. ಇಂತಹ ದುಡಿಮೆಗಾರರಿಗಾಗಿ 2025ರಲ್ಲಿ ಕರ್ನಾಟಕ ಸರಕಾರ ಒಂದು ಕಾಯಿದೆಯನ್ನು ಮಾಡಿ, ಕಂಪನಿಗಳಿಂದ ಶುಲ್ಕ ಪಡೆದು ಕ್ಷೇಮನಿಧಿಯನ್ನು ಕಟ್ಟುವ ವ್ಯವಸ್ಥೆಗೆ ತೊಡಗಿದೆ. ಒಳ್ಳೆಯದೇ. ಅಲ್ಲಿಯವರೆಗೆ, ಬಂದವನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಲು ಯಾವ ಕಾಯಿದೆಯೂ ಬೇಕಿಲ್ಲ.

ದೀಪಾವಳಿಯ ಬಿದಿಗೆಗೆ ತಂಗಿಗೆ ಮತ್ತೆ ಸೀರೆ ಕಳಿಸಬೇಕಿತ್ತು. ಚಿಕ್ಕಪೇಟೆಗೆ ಹೋಗಲು ನನಗೆ ಧೈರ್ಯವಿಲ್ಲ, ಮೊಬೈಲನ್ನು ನಂಬಲು ಮನಸ್ಸಿಲ್ಲ. ದಾರಿ ತೋರಿಸಿದವಳು ಅವ್ವನೇ. ನಮ್ಮೂರಿನ ಸಂಬಂಧಿಕರನ್ನು ಕೇಳಿ ಇಳಕಲ್ಲಿನ ನೇಕಾರರೊಬ್ಬರ ನಂಬರು ತರಿಸಿದಳು. ವೀಡಿಯೋ ಕರೆ ಹಚ್ಚಿಸಿ, ಗೋಡೆಗೆ ಒರಗಿ ಕುಳಿತು, ಚಿಕ್ಕಪೇಟೆಯ ಗಾದಿಯ ಮೇಲೆ ಕುಳಿತಷ್ಟೇ ಗತ್ತಿನಿಂದ ವ್ಯಾಪಾರ ಆರಂಭಿಸಿದಳು.

“ಸೀರಿ ತಿರುವಿ ತೋರ್ಸಪಾ. ಸೆರಗ ಕೂಡೋ ಜಾಗಾದಾಗ ಕೊಂಡಿ ಐತಿಲ್ಲೊ ನೋಡೂನು.”

“ಐತ್ರೀ ಅವ್ವಾರ, ನಮ್ಮ ಮನ್ಯಾಗ ನೇದದ್ದು. ನೋಡ್ರಿ, ಇಲ್ಲೈತಿ.”

“ಇನ್ನಷ್ಟು ಹತ್ರ ಹಿಡಿ.”

ಹನ್ನೆರಡು ಸೀರೆ ಬಿಚ್ಚಿಸಿದಳು. ಬೆಲೆಯಲ್ಲಿ ಚೌಕಾಶಿ ಮಾಡಲಿಲ್ಲ. ನೇಯುವವನ ಹೊಟ್ಟೆ ತನಗೆ ಗೊತ್ತು ಎಂದಳು. ಪಾರ್ಸೆಲಿನ ಖರ್ಚನ್ನು ಮಾತ್ರ ಬಿಡಿಸಿಕೊಂಡಳು.

ಬಿದಿಗೆಯ ದಿನ ತಂಗಿ ಕರೆ ಮಾಡಿದಳು. ಮೊಬೈಲಿನಲ್ಲಿ ಅವಳ ಮುಖ ಕಾಣಲೇ ಇಲ್ಲ. ಸೆರಗನ್ನು ತಿರುವಿ, ಕೂಡುಗೆರೆಯನ್ನು ಕ್ಯಾಮರಾಕ್ಕೆ ಒತ್ತಿ ಹಿಡಿದಿದ್ದಳು. ಅವ್ವ ಕನ್ನಡಕ ಹಾಕಿಕೊಂಡು ನೋಡಿ, “ಹೂಂ” ಎಂದಳು. ಆಮೇಲೆ, ಊಟ ಆಯಿತೇನು ಎಂದು ಕೇಳಿದಳು.